ಅಪ್‌ಡೇಟ್: ಈಜು ಬಾರದ ಮಗಳೊಂದಿಗೆ ಯಗಚಿ ಹಿನ್ನೀರಿಗೆ ಹೋಗಿ ಬಂದೆವು

ಈಜು ಬಾರದ ಹನ್ನೆರಡು ವರ್ಷದ ಮಗಳನ್ನು ಬೇಲೂರಿನ ಬಳಿಯ ಯಗಚಿ ಹಿನ್ನೀರಿನ ಜಲಕ್ರೀಡೆಗೆ ಕರೆದೊಯ್ಯಬಹುದೇ, ಅಲ್ಲಿ ವೇಕ್‌ಬೋರ್ಡಿಂಗ್ ಇದೆಯೇ ಎಂದು ಹೋದ ತಿಂಗಳು ಕೇಳಿದ್ದೆ. ಕಳೆದ ಭಾನುವಾರ ಹಾಸನದಿಂದ ಹೊರಟು ನೋಡಿಯೇ ಬಂದೆವು.

ವೇಕ್‌ಬೋರ್ಡ್ ನಮ್ಮ ಕಣ್ಣಿಗೆ ಬೀಳಲಿಲ್ಲ. ಕಾಲನ್ನು ಹಲಗೆಗೆ ಬಿಗಿದುಕೊಂಡು ದೋಣಿಯ ಅಥವಾ ಕೇಬಲ್ಲಿನ ಎಳೆತಕ್ಕೆ ಎದ್ದು ನಿಲ್ಲುವ ಆಟ ಅದು. ನನ್ನ ಮಂಡಿಯನ್ನು ನೆನೆದರೆ ಸಿಗದಿದ್ದುದೇ ಲೇಸು. ಮಗಳು ಹತ್ತಿದ್ದು ಗಾಳಿ ತುಂಬಿದ ಬನಾನಾ ದೋಣಿಯನ್ನು.

ಲೈಫ್ ಜಾಕೆಟ್ ಬಗ್ಗೆ ನೀವು ಹೇಳಿಕೊಟ್ಟ ಪರೀಕ್ಷೆ ಬಹಳ ಉಪಯೋಗಕ್ಕೆ ಬಂತು. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಭುಜದ ಬಳಿ ಹಿಡಿದು ಮೇಲಕ್ಕೆ ಎತ್ತಿದೆ. ಮೊದಲನೆಯದು ಸರ್ರನೆ ಅವಳ ಕಿವಿಯವರೆಗೆ ಬಂತು! ಬದಲಿಸಿ ಚಿಕ್ಕದನ್ನು ಹಾಕಿಸಿದೆವು. ಅದು ಗಲ್ಲದ ಕೆಳಗೇ ನಿಂತಿತು. ದೋಣಿ ತಿರುವಿನಲ್ಲಿ ಮಗುಚಿದಾಗ ನನ್ನ ಎದೆ ಧಸಕ್ಕೆಂದಿತು. ಅವಳು ಮಾತ್ರ ಬೆಂಡಿನಂತೆ ಮೇಲೆದ್ದು, ಎರಡು ಸಲ ಸೀನಿ, "ಅಪ್ಪಾ, ಇನ್ನೊಂದು ಸುತ್ತು" ಎಂದಳು.

ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಿ ಎಂದು ಒಬ್ಬರು ಎಚ್ಚರಿಸಿದ್ದಿರಿ. ನಾನು ಕೇಳಲಿಲ್ಲ, ಅದೀಗ ಯಗಚಿಯ ಪಾಲು. ಹಾಗಾಗಿ ಸಂಜೆ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರೆಲ್ಲ ನನಗೆ ಮಸುಕು ಮಸುಕು. ಒದ್ದೆ ಕೂದಲಿನ ಮಗಳೇ ಒಬ್ಬೊಬ್ಬಳ ಕೈಯಲ್ಲಿ ಏನಿದೆ ಎಂದು ವಿವರಿಸಿದಳು. ವಾಪಸು ಕಾರು ಓಡಿಸಿದ್ದು ಹೆಂಡತಿ.