ಹಳೇ ಆಲ್ಬಮ್ ಫೋಟೋ ಉಳಿಸ್ಕೊಳ್ಳೋದು ಹೇಗೆ?

ಪ್ರಶ್ನೆ:
ಅಜ್ಜಿ ಇಟ್ಟಿದ್ದ ಆಲ್ಬಮ್ ಸಿಕ್ಕಿದೆ, ಅಂಟು ಹಾಳೆ ಮೇಲೆ ಪ್ಲಾಸ್ಟಿಕ್ ಮುಚ್ಚಿರೋ ಥರದ್ದು, ಹಾಳೆಯೆಲ್ಲ ಹಳದಿ ಆಗಿದೆ, ಅಪ್ಪ ಅಮ್ಮನ ಮದುವೆ ಫೋಟೋ ಎಳೆದ್ರೆ ಎಲ್ಲಿ ಹರಿದುಹೋಗುತ್ತೋ ಅಂತ ಭಯ. ಮೊಬೈಲಲ್ಲಿ ಕ್ಲಿಕ್ ಮಾಡಿಟ್ರೆ ಸಾಕಾ?

ಉತ್ತರ 1:
ಅಯ್ಯೋ ಎಳೀಬೇಡಿ! ಮೇಣ ಇಲ್ಲದ ಡೆಂಟಲ್ ಫ್ಲಾಸ್ ದಾರ ಫೋಟೋ ಹಿಂದೆ ತೂರಿಸಿ ಗರಗಸದ ಥರ ನಿಧಾನಕ್ಕೆ ಆಡಿಸಿ. ಬರ್ಲಿಲ್ವಾ, ಹಾಳೆ ಸಮೇತ ಸ್ಕ್ಯಾನ್ ಮಾಡ್ಬಿಡಿ, 600 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮವಾಗಿ ಬರ್ಬೇಕು ಅನ್ನೋ ಅಳತೆ) ಇಟ್ಕೊಳ್ಳಿ. ಮೊಬೈಲಾದ್ರೆ ಪ್ಲಾಸ್ಟಿಕ್ ಮೇಲಿನ ಹೊಳಪೇ ಜಾಸ್ತಿ ಬೀಳೋದು. ಹಿಂದ್ಗಡೆ ಏನಾದ್ರೂ ಬರೆದಿದ್ರೆ ಅದನ್ನೂ ಬಿಡಬೇಡಿ.

ಉತ್ತರ 2:
ಸ್ಕ್ಯಾನ್ ಆದ್ಮೇಲೆ ಒಂದೇ ಹಾರ್ಡ್ ಡಿಸ್ಕಲ್ಲಿ ಹಾಕಿಟ್ಟು ನಿಶ್ಚಿಂತೆಯಾಗಿ ಕೂರಬೇಡಿ, ನಾನು ಹಾಗೇ ಮಾಡಿ ಮಗನ ಮೊದಲ ವರ್ಷದ ಫೋಟೋ ಪೂರ್ತಿ ಕಳ್ಕೊಂಡೆ, ಒಂದಿನ ಟಕ್ ಟಕ್ ಅಂತು ಅಷ್ಟೇ, ಮುಗೀತು. 3-2-1 ಲೆಕ್ಕ: 3 ಪ್ರತಿ, 2 ಥರದ ಸಾಧನ, 1 ಪ್ರತಿ ಮನೆಯಿಂದ ಹೊರಗೆ. ಮೊಬೈಲ್ ಫೋಟೋ ತಾನಾಗೇ ಕ್ಲೌಡಿಗೆ (ಇಂಟರ್ನೆಟ್ ಸಂಗ್ರಹಕ್ಕೆ) ಹೋಗೋ ಸಿಂಕ್ ಆನ್ ಇದೆಯಲ್ಲಾ ಅನ್ಬೇಡಿ, ಮೊಬೈಲಲ್ಲಿ ಡಿಲೀಟ್ ಆದ್ರೆ ಕ್ಲೌಡಲ್ಲೂ ಹೋಗೋ ಚಾನ್ಸ್ ಇರುತ್ತೆ.

ಪ್ರಶ್ನೆ ಕೇಳಿದವರು:
ಫ್ಲಾಸ್ ಕೆಲಸ ಮಾಡ್ತು, ಥ್ಯಾಂಕ್ಸ್! ಹಿಂದೆ ಪೆನ್ಸಿಲಲ್ಲಿ ಹೆಸರುಗಳಿವೆ, ಒಬ್ರು ಮಾತ್ರ ಯಾರು ಅಂತ ಅಮ್ಮನಿಗೂ ಗೊತ್ತಾಗ್ತಿಲ್ಲ.