ಕ್ವಾಬಿನ್ ಮುಳುಗಡೆ ಊರುಗಳ ಹಳೇ ಟೋಪೋ ಹಾಳೆ: ಕ್ಯೂಜಿಐಎಸ್‌ನಲ್ಲಿ ಪಶ್ಚಿಮಕ್ಕೆ ಸರಿದು ಕೂರುತ್ತಿದೆ

ಸ್ವಿಫ್ಟ್_ಕಣಿವೆ:
ಎಲ್ಲರಿಗೂ ನಮಸ್ಕಾರ. ಮ್ಯಾಸಚೂಸೆಟ್ಸ್‌ನಲ್ಲಿ ಬಾಸ್ಟನ್ ನಗರದ ಕುಡಿಯುವ ನೀರಿಗಾಗಿ ಕ್ವಾಬಿನ್ ಜಲಾಶಯ ಕಟ್ಟಿದಾಗ ಡೇನಾ, ಎನ್‌ಫೀಲ್ಡ್, ಗ್ರೀನ್‌ವಿಚ್, ಪ್ರೆಸ್ಕಾಟ್ ಅನ್ನುವ ನಾಲ್ಕು ಊರು ಎತ್ತಿಸಿದರು. 1938ರ ಏಪ್ರಿಲ್ 28ಕ್ಕೆ ಸರ್ಕಾರಿ ದಾಖಲೆಯಿಂದಲೂ ಅವು ಹೋದವು. ಎನ್‌ಫೀಲ್ಡ್‌ನ ಹಳೇ ರಸ್ತೆಗಳು ನೀರಿನಡಿ ಎಲ್ಲೆಲ್ಲಿ ಹಾದುಹೋಗುತ್ತವೆ ಅಂತ ನೋಡುವ ಆಸೆ ನನಗೆ.

ನನ್ನ ಹತ್ತಿರ ಯುಎಸ್‌ಜಿಎಸ್‌ನ (ಅಮೆರಿಕದ ಭೂವೈಜ್ಞಾನಿಕ ಸರ್ವೆ ಇಲಾಖೆ) ಬೆಲ್ಚರ್‌ಟೌನ್ ಹಾಳೆ ಇದೆ, ಸ್ಕೇಲು 1:62,500. ಸ್ಕ್ಯಾನ್ ಮಾಡಿ, ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ನಾಲ್ಕು ಮೂಲೆಗೆ ಪಾಯಿಂಟ್ (ಅಲ್ಲಿ ಅಚ್ಚಾಗಿರುವ ಅಕ್ಷಾಂಶ, ರೇಖಾಂಶ) ಕೊಟ್ಟೆ. ಸಿಆರ್‌ಎಸ್ (ಸ್ಥಾನ ಎಣಿಸುವ ಪದ್ಧತಿ) ಇಪಿಎಸ್‌ಜಿ:4326, ಅಂದರೆ ಜಿಪಿಎಸ್‌ನದು; ಟ್ರಾನ್ಸ್‌ಫಾರ್ಮ್ (ಚಿತ್ರವನ್ನು ಎಳೆದು ಕೂರಿಸುವ ವಿಧಾನ) ಥಿನ್ ಪ್ಲೇಟ್ ಸ್ಪ್ಲೈನ್. ರೆಸಿಡ್ಯುಅಲ್ (ಕೂರಿಸಿದ ಮೇಲೆ ಪಾಯಿಂಟ್‌ಗಳಲ್ಲಿ ಉಳಿಯುವ ವ್ಯತ್ಯಾಸ) ಸೊನ್ನೆ ಅಂತ ತೋರಿಸುತ್ತೆ. ಆದರೂ ಇವತ್ತಿಗೂ ಉಳಿದಿರುವ ರಸ್ತೆಗಳ ಜೊತೆ ಹೋಲಿಸಿದರೆ ಇಡೀ ಹಾಳೆ ಸುಮಾರು 40 ಮೀಟರ್ ಪಶ್ಚಿಮಕ್ಕಿದೆ.

ಇನ್ನೊಂದು ವಿಚಿತ್ರ. ಜಲಾಶಯ ಪೂರ್ತಿ ತುಂಬಿದಾಗ ಮಟ್ಟ 530 ಅಡಿ ಅಂತಾರೆ. ಹಾಳೆಯ ಕಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಹಿಡಿದು 530ರವರೆಗೆ ನೀಲಿ ಬಣ್ಣ ತುಂಬಿದರೆ ನೀರು ಇವತ್ತಿನ ದಡ ದಾಟಿ ಹೊರಗೆ ಹರಡುತ್ತೆ. ಯಾಕೆ?

ಪುಟ್ಟಣ್ಣ_ಮ್ಯಾಪು:
ಸುಮ್ನೆ ಯಾಕೆ ಕಷ್ಟ ಸರ್? ಯುಎಸ್‌ಜಿಎಸ್‌ನ ಟೋಪೋವ್ಯೂನಲ್ಲಿ ಜಿಯೋಟಿಫ್ ಪುಕ್ಕಟೆ ಸಿಗುತ್ತೆ. ಪಾಯಿಂಟ್ ಕೊಟ್ಟು ಕೂರಿಸಿಯೇ ಇಟ್ಟಿದ್ದಾರೆ.

ಸ್ವಿಫ್ಟ್_ಕಣಿವೆ:
ಅದು ಗೊತ್ತು. ನನ್ನ ಪ್ರತಿಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಮನೆಗಳಿಗೆ ಗುರುತು ಹಾಕಿದ್ದಾರೆ. ನನಗೆ ಬೇಕಿರುವುದೇ ಅದು.

ರೇಖಾಂಶ72:
ಹಾಗಿದ್ದರೆ ಸ್ಕ್ಯಾನೇ ಸರಿ. ಪಶ್ಚಿಮ ರೇಖಾಂಶಕ್ಕೆ ಹಾಕುವ ಮೈನಸ್ ಚಿಹ್ನೆ ಮರೆತಿಲ್ಲ, ಅದೇ ದೊಡ್ಡದು! ನಮ್ಮ ಕಡೆಯವರು ಪೂರ್ವ ರೇಖಾಂಶಕ್ಕೆ ಒಗ್ಗಿದವರು. ಬರೀ 72 ಅಂತ ಹೊಡೆದಿದ್ದರೆ ಎನ್‌ಫೀಲ್ಡ್ ಹೋಗಿ ಕಿರ್ಗಿಸ್ತಾನದಲ್ಲಿ ಕೂರುತ್ತಿತ್ತು.

ನಿಮ್ಮ 40 ಮೀಟರಿಗೆ ಕಾರಣ ಡೇಟಮ್, ಅಂದರೆ ಅಳತೆಗೆ ಆಧಾರವಾಗಿ ಹಿಡಿದ ಲೆಕ್ಕ. ಮೂಲೆಯಲ್ಲಿ ಅಚ್ಚಾಗಿರುವ ಅಕ್ಷಾಂಶ, ರೇಖಾಂಶ ಇವತ್ತಿನ ಜಿಪಿಎಸ್ ಲೆಕ್ಕದ್ದಲ್ಲ. ಎನ್‌ಎಡಿ27 ಅನ್ನುವ ಉತ್ತರ ಅಮೆರಿಕದ 1927ರ ಡೇಟಮ್‌ಗೂ ಈಗಿನದಕ್ಕೂ ಆ ಭಾಗದಲ್ಲಿ ಪೂರ್ವ-ಪಶ್ಚಿಮವಾಗಿ ಹೆಚ್ಚುಕಮ್ಮಿ ಅಷ್ಟೇ ಅಂತರ. ಟಾರ್ಗೆಟ್ ಸಿಆರ್‌ಎಸ್ ಇಪಿಎಸ್‌ಜಿ:4267 ಕೊಡಿ, ಅದೇ ಎನ್‌ಎಡಿ27. ಆಮೇಲೆ ಕ್ಯೂಜಿಐಎಸ್ ಯಾವ ಟ್ರಾನ್ಸ್‌ಫಾರ್ಮೇಶನ್ ಬೇಕು ಅಂತ ಕೇಳಿದರೆ ನ್ಯಾಡ್‌ಕಾನ್ ಗ್ರಿಡ್ (ಎರಡು ಡೇಟಮ್ ನಡುವಿನ ವ್ಯತ್ಯಾಸದ ಕೋಷ್ಟಕ) ಇರುವುದನ್ನು ಆರಿಸಿ. 'ಬಾಲ್‌ಪಾರ್ಕ್' ಅಂತ ಇರುವುದನ್ನು ಮುಟ್ಟಲೇಬೇಡಿ. ಅದು ಡೇಟಮ್ ವ್ಯತ್ಯಾಸವನ್ನೇ ಬಿಟ್ಟುಬಿಡುತ್ತೆ. ಅಂದಹಾಗೆ ಮ್ಯಾಸಚೂಸೆಟ್ಸ್‌ನ ಮೊದಲ ಸರ್ವೆ 1880ರ ದಶಕದ್ದು. 1927ರ ಡೇಟಮ್ ಆಗ ಎಲ್ಲಿತ್ತು? ಹಳೇ ಮುದ್ರಣಕ್ಕೆ 4267 ಅನ್ನುವುದೂ ಒಂದು ಅಂದಾಜೇ, ಆದರೆ ಒಳ್ಳೇ ಅಂದಾಜು.

ರೆಸಿಡ್ಯುಅಲ್ ಸೊನ್ನೆ ಬಂತು ಅಂತ ಖುಷಿಪಡಬೇಡಿ. ಸ್ಪ್ಲೈನ್ ಯಾವಾಗಲೂ ನೀವು ಕೊಟ್ಟ ಪಾಯಿಂಟ್‌ಗಳ ಮೇಲೇ ಹಾದುಹೋಗುತ್ತೆ. ತಪ್ಪು ಪಾಯಿಂಟ್ ಕೊಟ್ಟರೂ ಸೊನ್ನೆಯೇ. ನಿಮ್ಮದು ಹದಿನೈದು ಮಿನಿಟಿನ ಹಾಳೆ (ಮಿನಿಟು ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ), ಅದರಲ್ಲಿ ಐದೈದು ಮಿನಿಟಿಗೆ ಗುರುತು ಇರುತ್ತೆ. ಅಂಚಿನದೂ ಸೇರಿ 16 ಪಾಯಿಂಟ್ ಸಿಗುತ್ತವೆ. ಅಷ್ಟನ್ನೂ ಕೊಟ್ಟು ಮೊದಲು ಪಾಲಿನಾಮಿಯಲ್ 1 (ಹಾಳೆಯನ್ನು ಡೊಂಕು ಮಾಡದೆ ಕೂರಿಸುವ ವಿಧಾನ) ಓಡಿಸಿ. ಒಂದೇ ಪಾಯಿಂಟ್ ದೂರ ಹೋದರೆ ಟೈಪಿಂಗ್ ಎಡವಟ್ಟು. ಮಡಿಕೆಯ ಉದ್ದಕ್ಕೂ ದೂರ ಹೋದರೆ ಕಾಗದದ ಕರಾಮತ್ತು. ಆಗ ಬೇಕಾದರೆ ಸ್ಪ್ಲೈನ್‌ಗೆ ಹೋಗಿ.

ಹಿನ್ನೀರು_ಹುಡುಗ:
ನಡುವೆ ಒಂದು ಪ್ರಶ್ನೆ. ನಮ್ಮದು ಲಿಂಗನಮಕ್ಕಿ ಮುಳುಗಡೆ ಕಡೆ. ಸರ್ವೆ ಆಫ್ ಇಂಡಿಯಾದ ಹಳೇ ಒಂದಿಂಚಿನ (ಇಂಚಿಗೆ ಒಂದು ಮೈಲಿ) ಹಾಳೆಗೂ ಇದೇ ಉಪಾಯ ನಡೆಯುತ್ತಾ?

ರೇಖಾಂಶ72:
ವಿಧಾನ ಅದೇ, ಅದೂ ಹದಿನೈದು ಮಿನಿಟಿನ ಹಾಳೆಯೇ ಅಲ್ವಾ. ಆದರೆ 4267 ಅಲ್ಲ. ನಮ್ಮಲ್ಲಿ ಎವರೆಸ್ಟ್ ಎಲಿಪ್ಸಾಯ್ಡ್ (ಭೂಮಿಯ ಆಕಾರಕ್ಕೆ ಹಿಡಿದ ಲೆಕ್ಕ), ಕಲ್ಯಾಣ್‌ಪುರ್ ಡೇಟಮ್. ಬೇರೆ ಥ್ರೆಡ್ ಶುರು ಮಾಡಿ, ಅಲ್ಲಿ ಮಾತಾಡೋಣ.

ಸ್ವಿಫ್ಟ್_ಕಣಿವೆ:
ಮಾಡಿದೆ. ಪಶ್ಚಿಮದ ಜಾರು ಹೋಯಿತು! ಆದರೆ ಪ್ರೆಸ್ಕಾಟ್ ಕಡೆ ಕೆಲವು ರಸ್ತೆ ಇನ್ನೂ ಒಂದು ಕಡೆ ಪೂರ್ವಕ್ಕೆ, ಒಂದು ಕಡೆ ಉತ್ತರಕ್ಕೆ ಅಂತ ಓಲಾಡುತ್ತಿವೆ. ಅಲ್ಲಲ್ಲೇ ಪಾಯಿಂಟ್ ಕೊಟ್ಟು ಎಳೆದು ಕೂರಿಸಲಾ?

ರೇಖಾಂಶ72:
ದಯವಿಟ್ಟು ಬೇಡ. ಅದು ಸರ್ವೆಯವರದೇ ತಪ್ಪು, ಹಾಗೇ ಇರಲಿ. ಪ್ಲೇನ್ ಟೇಬಲ್ (ಸ್ಥಳದಲ್ಲೇ ನಕ್ಷೆ ಬರೆಯುವ ಹಲಗೆ) ಇಟ್ಟು, ಗಾಡಿ ಚಕ್ರದ ಸುತ್ತು ಎಣಿಸಿ ರಸ್ತೆ ಅಳೆಯುತ್ತಿದ್ದ ಕಾಲ ಅದು. ನಂತರ ಬಂದ ನಿಖರತೆ ನಿಯಮದಲ್ಲೇ ಈ ಸ್ಕೇಲಿಗೆ 30 ಮೀಟರ್ ಚಿಲ್ಲರೆ ಮಾಫಿ ಇದೆ. ಉಳಿದಿರುವ ರಸ್ತೆಗೆ ಎಳೆದು ಕೂರಿಸಿದರೆ ಪಕ್ಕದಲ್ಲಿ ಮುಳುಗಿರುವ ರಸ್ತೆಯೂ ಅದರ ಜೊತೆ ಎಲ್ಲಿಗೋ ಹೋಗುತ್ತೆ. ಅದನ್ನು ತಾಳೆ ನೋಡುವುದಕ್ಕೆ ಏನೂ ಉಳಿದಿಲ್ಲ.

ಅಡಿಟಿಪ್ಪಣಿಯಲ್ಲಿ ಸರ್ವೆ ವರ್ಷ, ಮರುಮುದ್ರಣದ ವರ್ಷ ಎರಡನ್ನೂ ಓದಿ. 1930ರ ದಶಕದಲ್ಲಿ ಮತ್ತೆ ಅಚ್ಚಾಗಿದ್ದರೂ ಒಳಗಿರುವ ಮನೆಗಳು ಮೊದಲ ಸರ್ವೆಯವೇ ಇರಬಹುದು.

ಪುಟ್ಟಣ್ಣ_ಮ್ಯಾಪು:
ಕೈಯಾರೆ ಪರೀಕ್ಷೆ ಮಾಡಬೇಕು ಅಂದರೆ ಡೇನಾ ಇದೆಯಲ್ಲ. ಊರ ನಡುವಿನ ಮೈದಾನ ಮುಳುಗಿಲ್ಲ. ಗೇಟ್ 40ರಿಂದ ನಡೆದು ಹೋಗಬಹುದು, ಮನೆಗಳ ನೆಲಮಾಳಿಗೆ ಗುಂಡಿಗಳು ಹಾಗೇ ಇವೆ. ರಸ್ತೆ ಕೂಡುವಲ್ಲಿ ಜಿಪಿಎಸ್ ರೀಡಿಂಗ್ ತಗೊಂಡರೆ ಆಯ್ತು. ಆದರೆ ಡೇನಾ ಬರುವುದು ಪಕ್ಕದ, 'ಬ್ಯಾರೆ' (Barre) ಅನ್ನುವ ಊರಿನ ಹೆಸರಿನ ಹಾಳೆಯಲ್ಲಿ. ಅದನ್ನು ಟೋಪೋವ್ಯೂನಿಂದಲೇ ಇಳಿಸಿಕೊಳ್ಳಿ, ಪೆನ್ಸಿಲ್ ಗುರುತಿನ ತಾಪತ್ರಯ ಇಲ್ಲ.

ಸ್ವಿಫ್ಟ್_ಕಣಿವೆ:
ಒಳ್ಳೇ ಐಡಿಯಾ, ಹಿಮ ಕರಗಿದ ಮೇಲೆ ಹೋಗುತ್ತೇನೆ. 530 ಅಡಿಯ ಕಥೆ ಏನು?

ರೇಖಾಂಶ72:
ಅದು ಎತ್ತರದ ಡೇಟಮ್. ಜಲಾಶಯದ 530 ಅಡಿಯನ್ನು ಎಣಿಸುವುದು 'ಬಾಸ್ಟನ್ ಸಿಟಿ ಬೇಸ್' ಅನ್ನುವ ಲೆಕ್ಕದಲ್ಲಿ. ಅದರ ಸೊನ್ನೆ, 1929ರ ಸಮುದ್ರಮಟ್ಟದ ಡೇಟಮ್‌ಗಿಂತ 5.65 ಅಡಿ ಕೆಳಗಿದೆ. ನಿಮ್ಮ ಹಾಳೆಯ ಕಂಟೂರ್ ಸಮುದ್ರಮಟ್ಟದಿಂದ ಎಣಿಸಿದ್ದು. ಅಂದರೆ ನೀವು ತುಂಬಬೇಕಿದ್ದದ್ದು 524ರ ಸುಮಾರಿಗೆ. ಹಾಳೆಯಲ್ಲಿ 20 ಅಡಿಗೊಂದು ಗೆರೆ, ಹಾಗಾಗಿ 520ರ ಗೆರೆಗಿಂತ ಒಂಚೂರು ಮೇಲಕ್ಕೆ ನಿಲ್ಲಿಸಿ ನೋಡಿ. ಗೆರೆ ನಡುವೆ ಕೈಯಲ್ಲಿ ಅಂದಾಜು ಮಾಡಿದ್ದರಿಂದ ದಡ ಅಲ್ಲಲ್ಲಿ ಒಳಹೊರಗೆ ಆಗುತ್ತೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.