ಅಪ್‌ಡೇಟ್: ತಂಗಿ ಮಗಳ ಕಿವಿ ಆಪರೇಷನ್ ಆತು

ಎರಡು ವರ್ಷದ ಕೂಸಿಗೆ ಹುಟ್ಟಾ ಎರಡೂ ಕಿವಿ ಕೇಳ್ಸೂದಿಲ್ಲ, ಹಿಯರಿಂಗ್ ಏಡ್ ಹಾಕಿದ್ರೂ ಉಪಯೋಗ ಆಗವಲ್ದು, ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಕಿವಿ ಒಳಗ ಕೂಡಸೂ, ನರಕ್ಕ ಶಬ್ದ ಮುಟ್ಟಸೂ ಸಾಧನ) ಮಾಡಸೂಣೇನು ಅಂತ ಕೇಳಿದ್ನೆಲ್ಲಾ, ಹುಬ್ಬಳ್ಳ್ಯಾಗ ಮಾಡಿಸಿದ್ವಿರಿ. ಮೊದಲ ಬೇರಾ (BERA) ಟೆಸ್ಟ್, ಅಂದ್ರ ಶಬ್ದ ಕಿವಿ ನರದಿಂದ ಮೆದುಳಿಗೆ ಮುಟ್ಟತೈತೋ ಇಲ್ಲೋ ನೋಡೂದು, ಆಮ್ಯಾಲೆ ಕಿವಿ ನರ ಸರಿ ಐತೋ ಇಲ್ಲೋ ನೋಡಾಕ ಎಂಆರ್‌ಐ, ಮೆದುಳಜ್ವರ ಬರಬಾರದಂತ ನ್ಯುಮೊಕಾಕಲ್ ಲಸಿಕೆ.

ಆಪರೇಷನ್ ಮುಗಿದ ಕೂಡ್ಲೆ ಕೇಳ್ಸೂದಿಲ್ರಿ, ಗಾಯ ಮಾಯ್ದ ಮ್ಯಾಲೆ ಹೊರಗಿನ ಮಷೀನ್ ಹಚ್ಚಿ ಆನ್ ಮಾಡ್ತಾರ, ಅಲ್ಲೀತನಾ ನಮ್ಮವ್ವ ದಿನಾ ಚಪ್ಪಾಳಿ ಹೊಡದು ನೋಡಾಕಿ ಪಾಪ. ಆನ್ ಮಾಡಿದ ದಿನ ಕೂಸು ಬೆದರಿ ಜೋರ ಅತ್ತು ಬಿಡ್ತು, ನಮಗ ಅದ ದೊಡ್ಡ ಖುಷಿ!

ಈಗ ಮ್ಯಾಪಿಂಗ್ (ಮಷೀನ್ ಕೂಸಿಗೆ ಹೊಂದೂಹಂಗ ಸೆಟ್ ಮಾಡೂದು), ಸ್ಪೀಚ್ ಥೆರಪಿ ನಡದೈತಿ, ಖರೇ ಕೆಲಸ ಇದ, ಬಿಡಬ್ಯಾಡ್ರಿ. ರೊಕ್ಕದ ಚಿಂತಿ ಇದ್ದವ್ರು ಕೇಂದ್ರ ಸರ್ಕಾರದ ಅಡಿಪ್ ಯೋಜನೆ ವಿಚಾರಿಸ್ರಿ, ಹುಟ್ಟಾ ಕೇಳದ ಮಕ್ಕಳಿಗೆ 5 ವರ್ಷದ ಮಿತಿ ಐತಿ, ಲಗೂನ ಅರ್ಜಿ ಹಾಕ್ರಿ.